ಏಕರೂಪ ಕಾನೂನಿನ ಬಹುರೂಪ

1980ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾಗಿ 1988ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸರಕು ಮಾರಾಟ ಒಡಂಬಡಿಕೆಯ ಕೀರ್ತಿ ಸಹಿ ಹಾಕಿದ ದೇಶಗಳ ಎಣಿಕೆಯಿಂದ ಬಂದದ್ದು. ಕಾನೂನು ನಿಜಕ್ಕೂ ಒಂದಾಗಿದೆಯೇ ಎಂದು ತಿಳಿಯಲು ಸಹಿಗಳನ್ನು ಎಣಿಸಿದರೆ ಸಾಲದು, ತೀರ್ಪುಗಳನ್ನು ಓದಬೇಕು. 39ನೇ ವಿಧಿಯೊಂದನ್ನೇ ನೋಡೋಣ. ಸರಕಿನ ದೋಷ ಗೊತ್ತಾದ ಅಥವಾ ಗೊತ್ತಾಗಬೇಕಿದ್ದ ಹೊತ್ತಿನಿಂದ 'ಸಮಂಜಸ ಅವಧಿ'ಯೊಳಗೆ ಖರೀದಿದಾರ ಅದನ್ನು ಮಾರಾಟಗಾರನಿಗೆ ತಿಳಿಸಬೇಕು. ತಪ್ಪಿದರೆ ಆ ದೋಷದ ಮಾತೆತ್ತುವ ಹಕ್ಕೇ ಹೋಗುತ್ತದೆ. ಎರಡು ವರ್ಷದ ಹೊರಗಡಿಯನ್ನು ವಿಧಿ ಅಂಕಿಯಲ್ಲಿ ಹೇಳುತ್ತದೆ, ಒಳಗಿನ ಗಡುವನ್ನು ಹೇಳುವುದಿಲ್ಲ. ಸ್ವಿಸ್ ವ್ಯಾಪಾರಿ ಜರ್ಮನಿಗೆ ಮಾರಿದ ನ್ಯೂಜಿಲೆಂಡಿನ ಪಚ್ಚಿಲೆಯ ಪ್ರಕರಣದಲ್ಲಿ, ಪ್ಯಾಕಿಂಗ್ ಬಗೆಗಿನ ದೂರು ಒಂದು ತಿಂಗಳ ಉದಾರ ಅಳತೆಗೂ ತಡವಾಯಿತೆಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಹೇಳಿತು. 1998ರಲ್ಲಿ ಆಸ್ಟ್ರಿಯಾದ ಸರ್ವೋಚ್ಚ ನ್ಯಾಯಾಲಯ, ವಿಶೇಷ ಸನ್ನಿವೇಶವಿಲ್ಲದಿದ್ದರೆ ತಪಾಸಣೆಗೂ ದೂರಿಗೂ ಸೇರಿ ಸುಮಾರು 14 ದಿನ ಎಂದಿತು. ಭಾಷೆ ಒಂದೇ, ಗಡಿ ಪಕ್ಕದ್ದೇ, ವಿಧಿಯೂ ಅದೇ. ಗಡುವು ಮಾತ್ರ ಅರ್ಧಕ್ಕರ್ಧ.

ಒಡಂಬಡಿಕೆಯ ಪಕ್ಷಪಾತಿಗಳು ಇದನ್ನು ದೋಷವೆನ್ನುವುದಿಲ್ಲ, ಜಾಣತನವೆನ್ನುತ್ತಾರೆ: ಹಣ್ಣು ವಾರದಲ್ಲಿ ಕೊಳೆಯುತ್ತದೆ, ಯಂತ್ರದ ಹುಳುಕು ತಿಂಗಳಾದ ಮೇಲೆ ಬಯಲಾಗುತ್ತದೆ, ಎಲ್ಲಕ್ಕೂ ಒಂದೇ ಅಂಕಿ ಹೇಗೆ? ವಾದ ಸರಿ, ಆದರೆ ಅವಧಿ ಸರಕಿಗೆ ತಕ್ಕಂತೆ ಹಿಗ್ಗಬೇಕೇ ಹೊರತು ನ್ಯಾಯಾಲಯಕ್ಕೆ ತಕ್ಕಂತಲ್ಲ. ಅಂತರರಾಷ್ಟ್ರೀಯ ಸ್ವರೂಪ ಗಮನಿಸಿ ಅರ್ಥೈಸಿ ಎಂದು 7ನೇ ವಿಧಿ ಬುದ್ಧಿ ಹೇಳುತ್ತದೆ, ಹೇಳಿದ್ದನ್ನು ನಡೆಸಲು ಮೇಲ್ಮನವಿಯ ಸಾಮಾನ್ಯ ಪೀಠವೊಂದನ್ನು ಒಡಂಬಡಿಕೆ ಕಟ್ಟಿಲ್ಲ. ಅಭಿವೃದ್ಧಿಶೀಲ ದೇಶಗಳ ಒತ್ತಾಯಕ್ಕೆ ಮಣಿದು ಸೇರಿಸಿದ 44ನೇ ವಿಧಿಯನ್ನು ಮುಂದೆ ಹಿಡಿಯುವವರೂ ಇದ್ದಾರೆ. ತಡಕ್ಕೆ ತಕ್ಕ ಕಾರಣವಿದ್ದ ಖರೀದಿದಾರನಿಗೆ ಅದು ಬೆಲೆ ಕಡಿತ ಕೊಡುತ್ತದೆ, ಪರಿಹಾರವನ್ನೂ ಕೊಡುತ್ತದೆ, ಕೈತಪ್ಪಿದ ಲಾಭವನ್ನು ಮಾತ್ರ ಕೊಡುವುದಿಲ್ಲ. ಆ ಕಾರಣವನ್ನು ನ್ಯಾಯಾಲಯಗಳು ಒಪ್ಪಿದ್ದೂ ಅಪರೂಪ.

ಭಾರತ ಇದಕ್ಕೆ ಸೇರಿಲ್ಲ. ಸೇರದಿರುವುದು ಹಿಂದುಳಿದಿರುವಿಕೆ ಎಂಬ ಟೀಕೆ ನಮ್ಮಲ್ಲಿ ಸಲೀಸು. ನಮ್ಮ 1930ರ ಸರಕು ಮಾರಾಟ ಕಾಯ್ದೆಯಲ್ಲೂ ಸಮಂಜಸ ಅವಧಿಯ ಮಾತಿದೆ. ಆದರೆ ಅಲ್ಲಿ ತಡ ಮಾಡಿದವನು ಸರಕು ತಿರಸ್ಕರಿಸುವ ಹಕ್ಕನ್ನಷ್ಟೇ ಕಳೆದುಕೊಳ್ಳುತ್ತಾನೆ, ನಷ್ಟಪರಿಹಾರ ಕೇಳುವುದನ್ನಲ್ಲ. ಸೇರಿ ಎನ್ನುವವರು ಈ ವ್ಯತ್ಯಾಸಕ್ಕೆ ಮೊದಲು ಉತ್ತರ ಕೊಡಲಿ. ಸೇರದಿದ್ದರೂ ಅದು ನಮ್ಮನ್ನು ಬಿಡುವುದಿಲ್ಲ: ಪೀಣ್ಯದ ಕಾರ್ಖಾನೆ ಜರ್ಮನ್ ಯಂತ್ರ ಕೊಂಡು, ಕರಾರಿನಲ್ಲಿ ಜರ್ಮನಿಯ ಕಾನೂನು ಅನ್ವಯ ಎಂದಷ್ಟೇ ಬರೆದರೆ ಒಡಂಬಡಿಕೆಯೂ ಒಳಬರುತ್ತದೆ. ಅದನ್ನು ಹೊರಗಿಡಲು 6ನೇ ವಿಧಿ ಅವಕಾಶ ಕೊಟ್ಟಿದೆ. ಹೊರಗಿಡದಿದ್ದರೆ, ದೂರಿನ ಗಡುವನ್ನು ದಿನಗಳ ಲೆಕ್ಕದಲ್ಲಿ ಕರಾರಿನಲ್ಲೇ ಬರೆಸಿ.