ಹೆಸರಲ್ಲೇ ಬಯಲಾದ ಗುಟ್ಟು

ಮಾಯಾವತಿಯ ಜಾತಕದಲ್ಲಿರುವುದು ಒಂದೇ ದೋಷ: ಅವಳ ಮದುವೆ ಸಾವಿನ ಜೊತೆ. ಅಂತಃಪುರದ ಹೆಂಗಸರಿಗೆ ಅವಳ ಮುಖ ನೋಡುವುದೇ ಅಪಶಕುನ. ಸ್ವಯಂವರ ಏರ್ಪಡಿಸಿದ ಅಪ್ಪನೋ, ರಾಜ್ಯ ಉಳಿಯಲೆಂದು ಮಗಳ ಕೈಗೇ ವಿಷ ಕೊಡುತ್ತಾನೆ. ಆ ಹೊತ್ತಿಗೆ ಎಲ್ಲಿಂದಲೋ ಬಂದ ಅಮರ್ ಅವಳನ್ನು ಅಕರನ್ ಎಂಬ ತನ್ನ ನಾಡಿಗೆ ಕರೆದೊಯ್ಯುತ್ತಾನೆ. ಅಮೆರಿಕದ ರೋಶನಿ ಚೋಕ್ಷಿ 2016ರಲ್ಲಿ ತಂದ ಚೊಚ್ಚಲ ಕಾದಂಬರಿ ‘ದಿ ಸ್ಟಾರ್-ಟಚ್ಡ್ ಕ್ವೀನ್’ ಶುರುವಾಗುವುದು ಹೀಗೆ.

ಅಮರ್ ಯಾರೆಂಬುದೇ ಕಾದಂಬರಿಯ ಗುಟ್ಟು. ಅಮಾವಾಸ್ಯೆಯವರೆಗೆ ಏನೂ ಕೇಳಬೇಡ ಎನ್ನುತ್ತಾನೆ ಅವನು. ಅರಮನೆ ತುಂಬ ಬೀಗ ಹಾಕಿದ ಬಾಗಿಲುಗಳು. ಅಮೆರಿಕದ ಹದಿಹರೆಯದ ಓದುಗರಿಗೆ ಇದು ಪುಟ ತಿರುಗಿಸುವ ಕುತೂಹಲ, ಕನ್ನಡದವರಿಗೆ ಹಾಗಲ್ಲ. ಜಾತಕದಲ್ಲಿ ಸಾವು ಬರೆದಿರುವಾಗ ವರನ ಹೆಸರು ಅಮರ್ ಎಂದರೆ ಇನ್ನೇನು ಉಳಿಯಿತು? ಅಕರನ್ ಎಂಬುದನ್ನು ರೋಮನ್ ಲಿಪಿಯಲ್ಲಿ ಬರೆದು ಹಿಂದಿನಿಂದ ಓದಿದರೆ ನರಕ! ಕನ್ನಡ ಅಕ್ಷರಗಳಲ್ಲಿ ಬರೆದರೆ ಈ ಚಮತ್ಕಾರ ನಡೆಯುವುದಿಲ್ಲ, ಅದು ಬೇರೆ ಮಾತು.

ಗುಟ್ಟು ಮೊದಲೇ ತಿಳಿದರೆ ಕಥೆ ಕೆಡಬೇಕೆಂದೇನಿಲ್ಲ. ವನಪರ್ವದ ಸಾವಿತ್ರಿಯ ಎದುರು ನಿಂತವನು ಯಮನೆಂದು ಎಲ್ಲರಿಗೂ ಗೊತ್ತು. ಆದರೂ ಕಥೆ ಹಿಡಿದು ಕೂರಿಸುವುದು ಅವಳು ಹೆಜ್ಜೆಹೆಜ್ಜೆಗೂ ಮಾತಾಡಿ ವರ ಕೀಳುವ ಜಾಣತನದಿಂದ. ಗ್ರೀಕ್ ಪುರಾಣದ ಹೇಡಿಸ್–ಪರ್ಸೆಫೊನಿಯರ ಜಾಡು ಹಿಡಿದ ಚೋಕ್ಷಿ ಆ ಮಾತನ್ನೇ ಕಟ್ಟಿಹಾಕಿದ್ದಾರೆ. ಮಾಯಾ–ಅಮರ್ ಪ್ರೀತಿಗೆ ಹಿಂದಿನ ಜನ್ಮದ ನಂಟು ಇದೆ. ಹಾಗಾಗಿ ಈ ಜನ್ಮದಲ್ಲಿ ಅದು ಬೆಳೆಯುವುದು ಕಾಣುವುದೇ ಇಲ್ಲ. ಮಾತಿರಬೇಕಾದಲ್ಲಿ ನಕ್ಷತ್ರ, ಇರುಳು, ರೇಷ್ಮೆ ಎಂದು ಉಪಮೆಗಳ ಮೇಲೆ ಉಪಮೆ. ಪಾಯಸಕ್ಕೆ ಏಲಕ್ಕಿ ಬೇಕು ನಿಜ, ಹಿಡಿಗಟ್ಟಲೆ ಸುರಿದರೆ ಹೇಗೆ?

ಹಾಗೆಂದು ಪುಸ್ತಕ ಕೆಳಗಿಡಬೇಕಿಲ್ಲ. ಬೇರೆ ಲೋಕದವರು ವ್ಯಾಪಾರಕ್ಕೆ ಸೇರುವ ಇರುಳ ಸಂತೆ, ಮನುಷ್ಯರ ಬದುಕೇ ಎಳೆಎಳೆಯಾಗಿ ಹೆಣೆದುಕೊಂಡ ದೊಡ್ಡ ನೇಯ್ಗೆ, ಯಾವ ಎಳೆ ಕೀಳಬೇಕೆಂದು ತಿಳಿಯದೆ ಅದರ ಮುಂದೆ ನಿಲ್ಲುವ ಮಾಯಾ: ಇಲ್ಲಿ ಲೇಖಕಿಯ ಕಲ್ಪನೆಗೆ ಕಸುವಿದೆ. ಮಲತಂಗಿ ಗೌರಿಗೆ ಅವಳು ಕಥೆ ಹೇಳುವ ಪುಟಗಳಲ್ಲಿ ಯಾವ ಅಲಂಕಾರವೂ ಇಲ್ಲದೆ ಅಕ್ಕರೆ ತುಂಬಿದೆ.

ಎಲ್ಲರನ್ನೂ ಮೀರಿಸುವುದು ಮಾತ್ರ ಕಮಲಾ. ಮಾಂಸಕ್ಕೆ ಬಾಯಿಬಿಡುವ, ಮಾತಾಡುವ ಕುದುರೆ ಅದು. ಬೆನ್ನ ಮೇಲೆ ಕೂತವಳನ್ನೇ ತಿನ್ನುವ ಆಸೆ ಅದಕ್ಕೆ, ಮುಚ್ಚುಮರೆಯಿಲ್ಲ. ಕಮಲಾ ಬಂದೊಡನೆ ಗದ್ಯಕ್ಕೆ ನಗು, ಹಸಿವು, ತಕರಾರು ಎಲ್ಲ ಬರುತ್ತವೆ. ಅಮರ್‌ಗಿಂತ ಈ ಕುದುರೆಯ ಜೊತೆಗೇ ಮಾಯಾ ಸಲೀಸಾಗಿ ಮಾತಾಡುತ್ತಾಳೆ.

ಮರುವರ್ಷ ಬಂದ ‘ಎ ಕ್ರೌನ್ ಆಫ್ ವಿಶಸ್’ನಲ್ಲಿ ಬೆಳೆದು ನಿಂತ ಗೌರಿಯೇ ನಾಯಕಿ. ವಿಕ್ರಮ್ ಎಂಬ ರಾಜಕುಮಾರನ ಜೊತೆ ಅವಳದು ಮೊದಲಿನಿಂದಲೂ ಜಗಳ, ಅನುಮಾನ, ಎದುರುತ್ತರ. ಅಲ್ಲಿ ಯಾರೂ ಅಮಾವಾಸ್ಯೆಗೆ ಕಾಯುವುದಿಲ್ಲ.