ನೆತ್ತಿಯ ಮೇಲಿನ ಹಗುರ ಕೈ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಸೀಮೆಯಲ್ಲಿ ಕೂಸಿಗೆ ಎರೆಯುವುದು ಪಳಗಿದ ಕೈಗಳ ಕೆಲಸ. ಅಜ್ಜಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆ ಹಚ್ಚಿ ಬೆನ್ನು, ಕೈಕಾಲು ನೀವುತ್ತಾಳೆ. ನೆತ್ತಿಗೆ ಬಂದಾಗ ಕೈ ತಾನೇ ಹಗುರಾಗುತ್ತದೆ. ಅಲ್ಲಿ ಬುರುಡೆಯ ಎಲುಬು ಇನ್ನೂ ಕೂಡಿರುವುದಿಲ್ಲ. ಆ ಮೆತ್ತನೆಯ ಜಾಗ ಮುಚ್ಚಲು ಸಾಮಾನ್ಯವಾಗಿ ಒಂದೂವರೆ ವರ್ಷ ಬೇಕು.

ಅಮೆರಿಕದ ಜಾನ್ ಅಪ್ಲೆಡ್ಜರ್ 1970ರ ದಶಕದಲ್ಲಿ ರೂಪಿಸತೊಡಗಿದ ಕ್ರೇನಿಯೋಸೇಕ್ರಲ್ ಥೆರಪಿಯೂ ತಲೆಯಿಂದ ಬೆನ್ನುಮೂಳೆಯ ಬುಡದವರೆಗೆ ಹಗುರ ಸ್ಪರ್ಶವನ್ನೇ ನಂಬುತ್ತದೆ. ಅದು ರೋಗ ವಾಸಿಮಾಡುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಅಜ್ಜಿಯ ಕೈ ಕೊಡುವುದು ನೆಮ್ಮದಿ. ಕೂಸು ಅಳು ನಿಲ್ಲಿಸಿ ನಿದ್ದೆಹೋಗುತ್ತದೆ.

ಹೊಸ ತಾಯಂದಿರೇ, ನೆತ್ತಿ ಒತ್ತಬೇಡಿ, ಕಿವಿ ಮೂಗಿಗೆ ಎಣ್ಣೆ ಬಿಡಬೇಡಿ. ಆ ಹಗುರ ಕೈಯನ್ನು ಮಾತ್ರ ತಪ್ಪದೆ ಕಲಿತುಕೊಳ್ಳಿ.