'ರಾಟಟೂಯಿ'ಯ ಇಲಿಯೂ ಖಂಭಾತಿನ ಮರಿಗಳೂ

ಪ್ಯಾರಿಸ್ ನಗರದ ಸೇನ್ ನದಿಯ ದಡ, ರಾತ್ರಿಯ ವೇಳೆ. ಯುವಕನೊಬ್ಬ ಗಾಜಿನ ಜಾಡಿಯನ್ನು ಹಿಡಿದು ನಿಂತಿದ್ದಾನೆ. ಜಾಡಿಯೊಳಗೆ ಒಂದು ಇಲಿ. ಭೋಜನಶಾಲೆಯ ಅಡಿಗೆಮನೆಯಲ್ಲಿ ಸಿಕ್ಕಿಬಿದ್ದ ಅದನ್ನು ದೂರ ಒಯ್ದು ಕೊಲ್ಲಬೇಕೆಂದು ಮೇಲಧಿಕಾರಿಯ ಅಪ್ಪಣೆಯಾಗಿದೆ. ಯುವಕನಿಗೆ ಕೈ ಬರುವುದಿಲ್ಲ. ಕಡೆಗೆ ಜಾಡಿಯ ಮುಚ್ಚಳ ತೆರೆಯುತ್ತದೆ. ಇಲಿ ಓಡುತ್ತದೆ, ಸ್ವಲ್ಪ ದೂರ ಓಡಿ, ನಿಂತು, ತಿರುಗಿ ನೋಡಿ, ತಾನಾಗಿಯೇ ಅವನ ಬಳಿಗೆ ಮರಳುತ್ತದೆ. ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗಿ 2007ರಲ್ಲಿ ತೆರೆಕಂಡ, ಬ್ರಾಡ್ ಬರ್ಡ್ ನಿರ್ದೇಶನದ 'ರಾಟಟೂಯಿ' ಎಂಬ ಚಲಚ್ಚಿತ್ರದ ಈ ಸನ್ನಿವೇಶವನ್ನು ಮಕ್ಕಳಿರುವ ಮನೆಗಳಲ್ಲಿ ಬಹುಮಂದಿ ಕಂಡಿರಬಹುದು.

ಸಂಜ್ಞಿ ಪಂಚೇಂದ್ರಿಯ ಜೀವಿಯೊಂದು ಮೃತ್ಯುಮುಖದಿಂದ ಪಾರಾಗುವ ಈ ದೃಶ್ಯ ಅಭಯದಾನದ ದೃಷ್ಟಾಂತವೆಂದು ಶ್ರಾವಕರ ಮನಸ್ಸಿಗೆ ತೋಚುವುದು ಸಹಜ. ಆದರೆ ಈ ಚಿತ್ರ ಬಿಡುಗಡೆಯಾದ ಬಳಿಕ ಬ್ರಿಟನ್ನಿನಲ್ಲಿ ಸಾಕು ಇಲಿಗಳಿಗೆ ಬೇಡಿಕೆ ಏರಿತೆಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಬೋನಿಗೆ ಒಲ್ಲದ ಇಲಿಯ ಕಥೆಯನ್ನು ನೋಡಿ ಬಂದವರು ಬೋನು ಸಹಿತವಾಗಿ ಇಲಿಯನ್ನು ಕೊಂಡರು. ಹೀಗೇಕಾಯಿತು ಎಂಬುದನ್ನು ವಿಚಾರಿಸದೆ ಚಿತ್ರವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು.

ಚಿತ್ರದ ನಾಯಕ ರೆಮಿ ಎಂಬ ಇಲಿಗೆ ರುಚಿ, ವಾಸನೆಗಳ ಅಸಾಧಾರಣ ಪರಿಜ್ಞಾನವಿದೆ. ಹಳ್ಳಿಯ ಮುದುಕಿಯೊಬ್ಬಳ ಮನೆಯ ಅಟ್ಟದಲ್ಲಿ ಬಳಗದೊಡನೆ ಬಾಳುತ್ತಿದ್ದ ಅದು ಚರಂಡಿಯ ನೀರಿನಲ್ಲಿ ಕೊಚ್ಚಿಹೋಗಿ ಪ್ಯಾರಿಸ್ ಸೇರುತ್ತದೆ; ಲಿಂಗ್ವಿನಿ ಎಂಬ, ಅಡಿಗೆಯ ಗಂಧವಿಲ್ಲದ ಯುವಕನ ಟೋಪಿಯೊಳಗೆ ಕುಳಿತು ಅವನಿಂದ ಅಡಿಗೆ ಮಾಡಿಸುತ್ತದೆ. ಚಿತ್ರಕಾರರು ಇಲಿಗಳನ್ನು ತಮ್ಮ ಕಾರ್ಯಾಲಯದಲ್ಲಿಯೇ ಇರಿಸಿಕೊಂಡು ಅವುಗಳ ಮೂಗು, ಕಿವಿ, ಪಂಜ, ಬಾಲಗಳ ಚಲನೆಯನ್ನು ಅಭ್ಯಾಸ ಮಾಡಿದರು. ಆ ಶ್ರಮ ವ್ಯರ್ಥವಾಗಿಲ್ಲ. ಭಯಗೊಂಡಾಗ ರೆಮಿಯ ಎದೆ ಹೊಡೆದುಕೊಳ್ಳುವುದನ್ನು ಕಂಡ ಪ್ರೇಕ್ಷಕ, ಇಲಿಗೂ ಮರಣಭಯವುಂಟೆಂಬುದನ್ನು ವಾದವಿಲ್ಲದೆ ಒಪ್ಪುತ್ತಾನೆ. ಇಷ್ಟನ್ನು ಸಾಧಿಸುವ ಉಪದೇಶಗಳು ವಿರಳ.

ಇಲಿನಾಶಕರ ಅಂಗಡಿಯ ದೃಶ್ಯವಂತೂ ಚಿತ್ರದ ಅತ್ಯಂತ ಗಂಭೀರ ಭಾಗ. ರೆಮಿಯ ತಂದೆ ಜಾಂಗೋ ಮಗನನ್ನು ಅಂಗಡಿಯೊಂದರ ಗಾಜಿನ ಮುಂದೆ ನಿಲ್ಲಿಸಿ, ಒಳಗೆ ಬೋನುಗಳಿಗೆ ಸಿಲುಕಿ ತೂಗುವ ಇಲಿಗಳ ಸಾಲನ್ನು ತೋರಿಸುತ್ತಾನೆ. ಇದು ಕಲ್ಪನೆಯಲ್ಲ, 1872ರಲ್ಲಿ ಸ್ಥಾಪಿತವಾದ ಅಂಥ ಅಂಗಡಿಯೊಂದು ಪ್ಯಾರಿಸ್‌ನಲ್ಲಿ ಪ್ರಸಿದ್ಧವೇ ಆಗಿದೆ. ಮನುಷ್ಯನ ವಿಷಯದಲ್ಲಿ ತಂದೆಯ ತೀರ್ಪನ್ನು ಮಗ ಒಪ್ಪುವುದಿಲ್ಲ. ಮುಂದೆಯೂ ಇದೇ ಇರಬೇಕೆಂದೇನೂ ಇಲ್ಲ ಎಂಬುದು ಅವನ ನಿಲುವು. ವೈರಾನುಬಂಧವನ್ನು ಕಡಿಯಬಲ್ಲ ನಿಲುವದು.

ಆದರೆ ಜಾಡಿಯ ಸನ್ನಿವೇಶವನ್ನು ಇನ್ನೊಮ್ಮೆ ಗಮನಿಸಬೇಕು. ಲಿಂಗ್ವಿನಿ ಜಾಡಿಯನ್ನು ತೆರೆಯುವುದು ಯಾವಾಗ? ಸಾರನ್ನು ರುಚಿಗೊಳಿಸಿದ್ದು ಈ ಇಲಿಯೇ ಎಂದು ತಿಳಿದ ಮೇಲೆ, ತನಗೆ ನೆರವಾಗುವೆಯಾ ಎಂದು ಕೇಳಿ, ಅದು ತಲೆಯಾಡಿಸಿದ ಮೇಲೆ. ಮುಳುಗಿಸಲಾರದೆ ಹೋದದ್ದು ಕರುಣೆ. ಮುಚ್ಚಳ ತೆರೆದದ್ದು ಲೆಕ್ಕಾಚಾರ. ಅಡಿಗೆ ಬಾರದ ಇಲಿಯಾಗಿದ್ದರೆ? ಈ ಪ್ರಶ್ನೆಯನ್ನು ಚಿತ್ರ ಅಲ್ಲಿ ಕೇಳಿಕೊಳ್ಳುವುದಿಲ್ಲ. ಅಭಯವು ಗುಣಕ್ಕೆ ಸಂದ ಬಹುಮಾನವಾದಾಗ, ಗುಣ ಕಾಣದ ದಿನ ಅಭಯವೂ ಮುಗಿಯುತ್ತದೆ. ಸಾಕು ಇಲಿಗಳ ದುರವಸ್ಥೆಯ ಬೀಜ ಇಲ್ಲಿದೆ. ಮುದ್ದಾಗಿದೆ, ಚುರುಕಾಗಿದೆ, ಹೆಸರು ಹಿಡಿದು ಕರೆದರೆ ಬರುತ್ತದೆ ಎಂದು ತಂದದ್ದನ್ನು, ಮುದ್ದು ಕಳೆದ ಮೇಲೆ ಯಾರು ನೋಡಿಕೊಳ್ಳಬೇಕು?

ಸಾಕು ಇಲಿ ಕಂದು ಇಲಿಯ ಸಂತತಿಯೇ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ನಾಯಿಗಳಿಂದ ಇಲಿಗಳನ್ನು ಕೊಲ್ಲಿಸಿ ಪಣ ಕಟ್ಟುವ ಕ್ರೂರ ವಿನೋದವಿತ್ತು. ಇಲಿ ಹಿಡಿಯುವ ವೃತ್ತಿಯ ಜಾಕ್ ಬ್ಲ್ಯಾಕ್ ಎಂಬವನು ಬಣ್ಣದಲ್ಲಿ ವಿಶೇಷವಾದ ಇಲಿಗಳನ್ನು ಉಳಿಸಿಕೊಂಡು, ಅವುಗಳ ಸಂತಾನವನ್ನು ಬೆಳೆಸಿ ಮಾರುತ್ತಿದ್ದನೆಂದು ಹೆನ್ರಿ ಮೇಹ್ಯೂ ದಾಖಲಿಸಿದ್ದಾನೆ. ಅಲ್ಲಿಯೂ ಪ್ರಾಣ ಉಳಿದದ್ದು ಬಣ್ಣದಿಂದ! ಇವುಗಳ ಆಯುಸ್ಸು ಎರಡರಿಂದ ಮೂರು ವರ್ಷ. ಗರ್ಭಕಾಲ ಸುಮಾರು 21ರಿಂದ 23 ದಿನ. ಮರಿಗಳು ಐದಾರು ವಾರಗಳಲ್ಲಿ ಸಂತಾನಶಕ್ತಿ ಪಡೆಯುತ್ತವೆ. ಹೆತ್ತ ತಾಯಿ ಒಂದೆರಡು ದಿನಗಳೊಳಗೆ ಮತ್ತೆ ಗರ್ಭ ಧರಿಸಬಲ್ಲುದು. ಅಂಗಡಿಯವನು ಗಂಡು ಹೆಣ್ಣುಗಳನ್ನು ಸರಿಯಾಗಿ ಗುರುತಿಸದೆ ಕೊಟ್ಟ ಒಂದು ಜೋಡಿ ಕೆಲವೇ ತಿಂಗಳುಗಳಲ್ಲಿ ಮನೆಯನ್ನು ತುಂಬುತ್ತದೆ. ಒಂದನ್ನೇ ತಂದರೆ ಅದು ಒಂಟಿತನದಿಂದ ಕೊರಗುತ್ತದೆ, ಏಕೆಂದರೆ ಇಲಿ ಬಳಗದ ಪ್ರಾಣಿ. ಉಸಿರಾಟದ ರೋಗ, ಹೆಣ್ಣಿಲಿಗಳಿಗೆ ಸ್ತನದ ಗಡ್ಡೆ ಸಾಮಾನ್ಯ. ಕೊಂಡ ಬೆಲೆಗಿಂತ ಚಿಕಿತ್ಸೆಯ ವೆಚ್ಚ ಹಲವು ಪಟ್ಟು ಹೆಚ್ಚು. ಬೇಡವಾದ ಇಲಿಗಳು ಹುಟ್ಟುವುದು ಹೀಗೆ.

ಬ್ರಿಟನ್, ಅಮೆರಿಕ ದೇಶಗಳಲ್ಲಿ ಇಂಥ ಇಲಿಗಳನ್ನು ಸ್ವೀಕರಿಸಿ, ಆರೈಕೆ ಮಾಡಿ, ಯೋಗ್ಯರಾದವರ ಮನೆ ಸೇರಿಸುವ ಸೇವಾಕರ್ತರಿದ್ದಾರೆ. ಬಹುಪಾಲು ಇದು ಸಾಮಾನ್ಯ ಗೃಹಸ್ಥರು ತಮ್ಮ ಮನೆಯ ಕೋಣೆಯೊಂದರಲ್ಲಿ ಮಾಡುವ ಕೆಲಸ. ಬಂದ ಇಲಿಗಳನ್ನು ಎರಡು ವಾರಗಳಷ್ಟು ಕಾಲ ಬೇರೆಯಾಗಿ ಇಟ್ಟು ರೋಗವಿದೆಯೇ ಎಂದು ನೋಡುತ್ತಾರೆ. ಗಂಡು ಹೆಣ್ಣುಗಳನ್ನು ಪ್ರತ್ಯೇಕಿಸುತ್ತಾರೆ. ಒಂಟಿಯಾಗಿ ಕೊಡದೆ ಜೊತೆಯಾಗಿ ಕೊಡುತ್ತಾರೆ. ಒಯ್ಯುವವರನ್ನು ಪ್ರಶ್ನಿಸುತ್ತಾರೆ: ಪ್ರವಾಸ ಹೋದಾಗ ನೋಡುವವರಾರು? ಬೆಕ್ಕಿದೆಯೇ? ಬೇಸರವಾದರೆ ಮರಳಿ ತಂದೊಪ್ಪಿಸುವಿರಾ? ಈ ಪ್ರಶ್ನೆಗಳು ಕೆಲವರಿಗೆ ಅತಿರೇಕವೆನಿಸುತ್ತವೆ. ಒಂದು ಇಲಿಗೆ ಇಷ್ಟೇ? ಆದರೆ ಜೀವಕ್ಕೆ ಬೆಲೆ ಕಟ್ಟದವರು ಕೇಳಬೇಕಾದ ಪ್ರಶ್ನೆಗಳು ಇವೇ.

ಈ ಸೇವೆಯ ಪ್ರಾಚೀನ ರೂಪವೊಂದನ್ನು ಇಟಲಿಯ ಪ್ರವಾಸಿ ಪೀಟ್ರೋ ದೆಲ್ಲಾ ವಾಲ್ಲೆ ಬಣ್ಣಿಸಿದ್ದಾನೆ. ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಇಕ್ಕೇರಿಗೆ ಬಂದವನೆಂದು ಕನ್ನಡಿಗರಿಗೆ ಪರಿಚಿತನಾದ ಈತನು ಅದೇ 1623ರ ಆರಂಭದಲ್ಲಿ ಗುಜರಾತಿನ ಖಂಭಾತಿನಲ್ಲಿದ್ದನು. ಅಲ್ಲಿನ ಪಕ್ಷಿಗಳ ಆಸ್ಪತ್ರೆಯಲ್ಲಿ ಅವನನ್ನು ಬೆರಗುಗೊಳಿಸಿದ್ದು ಹಕ್ಕಿಗಳಿಗಿಂತ ಹೆಚ್ಚಾಗಿ ತಾಯಿಯಿಲ್ಲದ ಕೆಲವು ಇಲಿಮರಿಗಳು. ಬಿಳಿಗಡ್ಡದ ವೃದ್ಧರೊಬ್ಬರು ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು, ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಮಲಗಿಸಿದ್ದ ಆ ಮರಿಗಳಿಗೆ ಹಕ್ಕಿಯ ಗರಿಯಿಂದ ಹಾಲುಣಿಸುತ್ತಿದ್ದರಂತೆ. ಬೆಳೆದ ಮೇಲೆ ಇವನ್ನು ಇಷ್ಟಬಂದ ಕಡೆ ಹೋಗಲು ಬಿಡುವೆನೆಂದು ಅವರು ಹೇಳಿದರಂತೆ. ಮರಿಗಳಿಗೆ ಯಾವ ವಿದ್ಯೆಯೂ ಇರಲಿಲ್ಲ, ಬಣ್ಣದ ವಿಶೇಷವೂ ಇರಲಿಲ್ಲ. ವೃದ್ಧರು ಅವುಗಳಿಂದ ಏನನ್ನೂ ಕೇಳಲಿಲ್ಲ, ಮರಳಿ ಬರಬೇಕೆಂದೂ ಕೇಳಲಿಲ್ಲ. ಸೇನ್ ನದಿಯ ದಡದ ದೃಶ್ಯಕ್ಕೂ ಈ ಪೆಟ್ಟಿಗೆಗೂ ಇರುವ ಅಂತರವನ್ನು ಗುರುತಿಸಿದವನಿಗೆ ಅಭಯಕ್ಕೂ ಒಪ್ಪಂದಕ್ಕೂ ಇರುವ ಭೇದ ಸ್ಪಷ್ಟವಾಗುತ್ತದೆ.

ಆದರೂ ಖಂಭಾತಿನ ಮಾರ್ಗವನ್ನು ಸಾಕು ಇಲಿಗೆ ಹಾಗೆಯೇ ಅನ್ವಯಿಸಲಾಗದು. ತಲೆಮಾರುಗಳಿಂದ ಪಂಜರದಲ್ಲಿ ಹುಟ್ಟಿದ ಬಿಳಿಯ ಇಲಿಗೆ ಅಡಗಲು, ಆಹಾರ ಅರಸಲು ಬಾರದು. ಅದನ್ನು ಬಸದಿಯ ತೋಟದಲ್ಲಿ ಬಿಟ್ಟು ಬಂದವನು ಕಾಗೆಗೋ ಬೆಕ್ಕಿಗೋ ಆಹಾರ ಒದಗಿಸಿದಂತೆ. ಆದ್ದರಿಂದ ಇಲ್ಲಿ ಅಭಯವೆಂದರೆ ಅದರ ಆಯುಸ್ಸು ಮುಗಿಯುವವರೆಗಿನ ಪಾಲನೆ. ಪಂಜರವಾದರೋ ಬಂಧವೇ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವನ್ನೇ ಮೊದಲು ಹೇಳುತ್ತದೆ. ಇಷ್ಟವಾದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ವಿವರಿಸುತ್ತಾರೆ. ಪಾಲಕನು ಈ ದೋಷದಿಂದ ಪೂರ್ಣ ಮುಕ್ತನಲ್ಲ. ಪಂಜರವನ್ನು ವಿಶಾಲಗೊಳಿಸಿ, ಪ್ರತಿದಿನ ಕೋಣೆಯಲ್ಲಿ ಓಡಾಡಲು ಬಿಟ್ಟು, ಅದನ್ನು ತಗ್ಗಿಸಬಹುದಷ್ಟೆ. ಸಂತಾನ ಹೆಚ್ಚದಂತೆ ಶಸ್ತ್ರಕ್ರಿಯೆ ಮಾಡಿಸಿದರೆ ಛೇದದ ಪ್ರಶ್ನೆ ಏಳುತ್ತದೆ. ಗಂಡು ಹೆಣ್ಣುಗಳನ್ನು ಬೇರೆ ಇರಿಸಿದರೆ ಅದು ಏಳುವುದಿಲ್ಲ. ಆಹಾರದ ವಿಷಯದಲ್ಲಿ ಮಾತ್ರ ಶ್ರಾವಕನಿಗೆ ಸಂಕಟವಿಲ್ಲ. ಧಾನ್ಯ, ಬೇಳೆಕಾಳು, ತರಕಾರಿಗಳಿಂದಲೇ ಇಲಿ ಆರೋಗ್ಯವಾಗಿ ಬಾಳಬಲ್ಲುದು.

ಒಂದು ಸ್ಥಳದಲ್ಲಿ ಪಾಶ್ಚಾತ್ಯ ಸೇವಾಕರ್ತರಿಗೂ ಜೈನ ದೃಷ್ಟಿಗೂ ಮೇಳವಿಲ್ಲ. ಗುಣವಾಗದ ಗಡ್ಡೆಯಿಂದ ನರಳುವ ಇಲಿಗೆ ಅವರು ಚುಚ್ಚುಮದ್ದಿನಿಂದ ಮರಣ ಕೊಡಿಸುತ್ತಾರೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ಹೀಗೆಯೇ ಮಾಡಿಸಿದಾಗ ಜೈನರಿಂದ ಪ್ರಬಲ ಆಕ್ಷೇಪ ಬಂದಿತ್ತು. ಆ ಆಕ್ಷೇಪ ಉಚಿತವೇ. ಆದರೆ ನೋವು ಕಳೆಯುವ ಔಷಧಿಯನ್ನೂ ಕೊಡಿಸದೆ, ಕೊಲ್ಲಲಿಲ್ಲವೆಂಬ ಸಮಾಧಾನದಲ್ಲಿ ಕಣ್ಣು ಮುಚ್ಚಿಕೊಂಡವನಿಗೆ ಅದನ್ನು ಎತ್ತುವ ಅಧಿಕಾರವಿಲ್ಲ.

ಅಂಗಡಿಯ ಪಂಜರದಲ್ಲಿ ಕಿಕ್ಕಿರಿದ ಇಲಿಗಳನ್ನು ಕಂಡು ಮರುಗಿ, ಹಣ ಕೊಟ್ಟು ಬಿಡಿಸಿ ತರುವ ದಯಾಳುಗಳೂ ಉಂಟು. ಆ ಹಣವು ಅಂಗಡಿಯವನಿಗೆ ಮತ್ತೊಂದು ಸೂಲಿಗೆ ಕೊಟ್ಟ ಮುಂಗಡವೇ ಸರಿ. ತಾನು ಮಾಡದಿದ್ದರೂ ಮಾಡಿಸಿದ ದೋಷ, ಅಂದರೆ ಕಾರಿತ, ಅಲ್ಲಿ ತಪ್ಪದು. ಇನ್ನೊಬ್ಬರು ಬೇಡವೆಂದು ಒಪ್ಪಿಸಿದ ಇಲಿಯನ್ನು ಸ್ವೀಕರಿಸುವುದರಲ್ಲಿ ಈ ದೋಷವಿಲ್ಲ. ಚಿತ್ರ ನೋಡಿ ಬಂದ ಮಗು ಇಲಿ ಬೇಕೆಂದು ಹಟ ಹಿಡಿದಾಗ, ವಿಶೇಷವಾಗಿ ಹೊರದೇಶಗಳಲ್ಲಿ ನೆಲಸಿರುವ ಕುಟುಂಬಗಳು, ಈ ಎರಡು ಬಾಗಿಲುಗಳ ವ್ಯತ್ಯಾಸವನ್ನು ಮಗುವಿಗೆ ತಿಳಿಸಬಹುದು. ಎಂಟು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ಬಸದಿಗಳ ವಿಶ್ವಸ್ತರಿಗೆ ವಿಷಯ ಇನ್ನೂ ಕಠಿಣ. ಪಿಂಜರಾಪೋಲಿನಲ್ಲಿ ಸಾಕು ಇಲಿಗಳಿಗೊಂದು ಕೋಣೆ ತೆರೆಯುವುದು ದೊಡ್ಡ ಮಾತಲ್ಲ. ಪಕ್ಕದ ಉಗ್ರಾಣದಲ್ಲಿ ಪಾಷಾಣವಿಟ್ಟು ಈ ಕೋಣೆಯಲ್ಲಿ ಹಾಲಿಟ್ಟರೆ ಅದೇನು ಜೀವದಯೆ? ಎರಡೂ ಕಡೆ ಇರುವುದು ಇಲಿಯೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಂದಿನ ಪಾಷಾಣಗಳು ಹಲವು ದಿನಗಳ ಆಂತರಿಕ ರಕ್ತಸ್ರಾವದಿಂದ ಕೊಲ್ಲುತ್ತವೆ. ಅಂಟುಹಲಗೆಗೆ ಸಿಕ್ಕಿದ್ದು ಅಲ್ಲಿಯೇ ಹಸಿದು ಸಾಯುತ್ತದೆ. ಬೆಕ್ಕನ್ನು ಸಾಕಿ ಆ ಕೆಲಸವನ್ನು ಅದಕ್ಕೆ ವಹಿಸುವುದೂ ದಾರಿಯಲ್ಲ. ಬೆಕ್ಕು ಮೊದಲಾದುವನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಎಣಿಸಿದೆ. ಬಿಲಗಳನ್ನು ಮುಚ್ಚಿ, ಧಾನ್ಯವನ್ನು ಲೋಹದ ಡಬ್ಬಗಳಲ್ಲಿರಿಸಿ, ರಾತ್ರಿ ಎಂಜಲು ಉಳಿಯದಂತೆ ನೋಡಿಕೊಂಡರೆ ಇಲಿ ತಾನಾಗಿಯೇ ದೂರವಾಗುತ್ತದೆ. ಇದರಲ್ಲಿ ಫಲಕದ ಮೇಲೆ ಕೆತ್ತಿಸಬಹುದಾದ ಪುಣ್ಯವಿಲ್ಲದಿರುವುದರಿಂದಲೋ ಏನೋ, ದಾನಿಗಳು ದೊರೆಯುವುದು ಕಷ್ಟ.

ಚಿತ್ರಕ್ಕೆ ಮರಳಿದರೆ, ಅದರ ಲೋಪಗಳನ್ನು ಎಣಿಸುವುದು ಸುಲಭ. ಕರುವಿನ ಅಂಗಗಳನ್ನು ಬೇಯಿಸುವ ಅಡಿಗೆಮನೆಯಲ್ಲಿ ಒಂದು ಇಲಿಯ ಪ್ರಾಣಕ್ಕಾಗಿ ಪ್ರೇಕ್ಷಕನು ಉಸಿರು ಬಿಗಿಹಿಡಿಯಬೇಕಾಗುತ್ತದೆ. ಈ ವಿಸಂಗತಿ ಚಿತ್ರಕಾರರಿಗೆ ಹೊಳೆದಂತಿಲ್ಲ. ಕಠೋರ ವಿಮರ್ಶಕ ಈಗೋವಿನ ಮನಸ್ಸನ್ನು ಕರಗಿಸಿ ಅವನನ್ನು ತಾಯಿಯ ಕೈಯಡಿಗೆಯ ನೆನಪಿಗೆ ಒಯ್ಯುವುದು ಮಾತ್ರ ಬದನೆ, ಟೊಮೆಟೊಗಳ ಸರಳ ತರಕಾರಿ ಭಕ್ಷ್ಯ, ರಾಟಟೂಯಿ. ಕೊನೆಯಲ್ಲಿ ಗುಟ್ಟು ಬಯಲಾಗಿ ದೊಡ್ಡ ಭೋಜನಶಾಲೆ ಮುಚ್ಚಿಹೋಗುತ್ತದೆ. ಚಿಕ್ಕದೊಂದು ಉಪಾಹಾರಗೃಹ ತೆರೆಯುತ್ತದೆ. ಅದರ ಮಾಡಿನ ಒಳಗೆ ಇಲಿಗಳಿಗೂ ಪಂಕ್ತಿ ಹಾಕಿದೆ. ಅಲ್ಲಿ ರೆಮಿಯ ಅಣ್ಣ ಎಮಿಲ್ ಕುಳಿತಿದ್ದಾನೆ. ರುಚಿಯ ಪರಿವೆಯಿಲ್ಲದವನು, ಸಿಕ್ಕಿದ್ದನ್ನೆಲ್ಲ ತಿನ್ನುವವನು, ಯಾರ ಟೋಪಿಯೊಳಗೂ ಕುಳಿತು ಯಾರನ್ನೂ ಉದ್ಧರಿಸದವನು. ಅವನಿಗೂ ಎಲೆ ಬಿದ್ದಿದೆ. ಚಿತ್ರವು ತನ್ನದೇ ಲೆಕ್ಕಾಚಾರವನ್ನು ಮೀರುವುದು ಆ ಒಂದು ಕ್ಷಣದಲ್ಲಿ. ಆಮೇಲೆ ಇಲಿ ಕೊಳ್ಳಲು ಹೊರಟವರೆಲ್ಲ ಹುಡುಕಿದ್ದು ರೆಮಿಯನ್ನೇ ಹೊರತು ಎಮಿಲ್‌ನನ್ನಲ್ಲ.